ಒಡವೆಯ ಹೆಸರಿನಲ್ಲಿ ಹೆದರಿಸಿದ ಕರಪತ್ರ

ಮೇಯರ್ ಚುನಾವಣೆಯಲ್ಲಿ ಎದುರಾಳಿಯನ್ನು ಹಳಿಯುವ ಜಾಹೀರಾತು ಮಾಮೂಲಿ ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. 2016ರ ಲಂಡನ್ ಚುನಾವಣೆ ನೆನಪಿದೆ ಅಲ್ವಾ? ಕನ್ಸರ್ವೇಟಿವ್ ಪಕ್ಷದ ಅಭ್ಯರ್ಥಿ ಝ್ಯಾಕ್ ಗೋಲ್ಡ್‌ಸ್ಮಿತ್ ಪರವಾಗಿ ಭಾರತೀಯ ಮೂಲದವರಿಗೆ ಕರಪತ್ರ ಹೋಯಿತು. ಎದುರಾಳಿ, ಲೇಬರ್ ಪಕ್ಷದ ಸಾದಿಕ್ ಖಾನ್ ಬಂದರೆ ನಿಮ್ಮ ಮನೆಯ ಒಡವೆಗೂ ತೆರಿಗೆ ಬೀಳಬಹುದು ಎಂಬ ಹೆದರಿಕೆ ಅದರಲ್ಲಿ. ಅಜ್ಜಿ ಕೊಟ್ಟ ಬಳೆಯ ಮೇಲೆ ನಮ್ಮವರಿಗಿರುವ ಅಕ್ಕರೆಯನ್ನೇ ಹಿಡಿದು ಮತ ಕೇಳಿದ್ದು ತುಂಬಾ ನೋವು ತಂದಿತ್ತು. ಒಡವೆಗೆ ತೆರಿಗೆ ಹಾಕುವ ಅಧಿಕಾರ ಲಂಡನ್ ಮೇಯರ್‌ಗೆ ಇಲ್ಲವೇ ಇಲ್ಲ! ಅವರು ನೋಡಿಕೊಳ್ಳುವುದು ಬಸ್ಸು, ಟ್ಯೂಬ್ ಎಂಬ ನೆಲದಡಿಯ ರೈಲು, ಪೊಲೀಸ್, ವಸತಿ ಇಂಥವನ್ನು.

ಟಿಕೆಟ್ ದರ ಏರಿಸುವುದಿಲ್ಲ ಎಂದು ಖಾನ್ ಹೇಳಿದ್ದರು. ಅದಕ್ಕೆ ದುಡ್ಡು ಎಲ್ಲಿಂದ ಎಂದು ಕೇಳಿದ್ದರೆ ಅದು ನ್ಯಾಯವಾದ ಜಗಳ. ಆ ಚುನಾವಣೆಯಲ್ಲಿ ಮತದಾರರು ತಮ್ಮ ಎರಡನೇ ಆಯ್ಕೆಯನ್ನೂ ಗುರುತಿಸಬಹುದಿತ್ತು; ಆ ಮತಗಳೂ ಸೇರಿ ಖಾನ್‌ಗೆ ಸುಮಾರು ಶೇ 57 ಮತ ಬಿದ್ದು, ಕೊನೆಗೆ ಅವರೇ ಗೆದ್ದರು.