ಹಿಡಿತಕ್ಕಿಂತ ಮೊದಲು ಡಿಸ್ಕ್ ಕೈಬಿಡುವ ಕ್ಷಣವನ್ನು ನೋಡಬೇಕು

ತಟ್ಟೆಯಂತಹ ಡಿಸ್ಕನ್ನು ಸರಪಳಿ ತೂಗುವ ಬುಟ್ಟಿಗೆ ಎಸೆಯುವ ಡಿಸ್ಕ್ ಗಾಲ್ಫಿನಲ್ಲಿ ಪಟ್, ಅಂದರೆ ಬುಟ್ಟಿಯ ಹತ್ತಿರದಿಂದ ಅದರೊಳಗೆ ಹಾಕುವ ಎಸೆತ, ತಪ್ಪತೊಡಗಿದರೆ ಬೆರಳುಗಳ ಹಿಡಿತವನ್ನು ಕೂಡಲೇ ಬದಲಿಸಬೇಕೆಂದು ಲೇಖನವೊಂದರಲ್ಲಿ ಅದರ ಲೇಖಕರು ಕೊಟ್ಟ ಸಲಹೆಯನ್ನು ನಾನು ಒಪ್ಪಲಾರೆ. ಕಲಬುರಗಿಯ ನಮ್ಮ ಬಡಾವಣೆಯ ಬಯಲಿನಲ್ಲಿ ಕಂಬವೊಂದನ್ನು ನೆಟ್ಟು, ಸರಪಳಿಗಳನ್ನು ಇಳಿಬಿಟ್ಟು, ಕೆಳಗೆ ತಂತಿಯ ಬುಟ್ಟಿ ಕಟ್ಟಿಕೊಂಡು ನಾನು ಎರಡು ವರ್ಷಗಳಿಂದ ಅಭ್ಯಾಸ ಮಾಡುತ್ತಿದ್ದೇನೆ. ನಾಲ್ಕೂ ಬೆರಳುಗಳನ್ನು ಅಂಚಿನೊಳಗೆ ಮಡಚಿ ಹಿಡಿಯುತ್ತಿದ್ದಾಗ ಡಿಸ್ಕ್ ಪದೇ ಪದೇ ಬುಟ್ಟಿಯ ಬಲಕ್ಕೆ ಹೋಗುತ್ತಿತ್ತು. ಬೆರಳುಗಳನ್ನು ತಳದಲ್ಲಿ ಬೀಸಣಿಗೆಯಂತೆ ಹರಡಿ ಹಿಡಿಯಲು ಕಲಿತ ಮೇಲೆ ಒಂದು ವಾರ ಎಲ್ಲವೂ ಸರಿಹೋದಂತೆ ಕಂಡಿತು. ಆಮೇಲೆ ಅದೇ ತಪ್ಪು ಮರಳಿತು, ಏಕೆಂದರೆ ಬಲಗೈಯವನಾದ ನಾನು ಡಿಸ್ಕನ್ನು ತಡವಾಗಿ ಬಿಡುತ್ತಿದ್ದೆನೇ ಹೊರತು ದೋಷ ಹಿಡಿತದಲ್ಲಿರಲಿಲ್ಲ.

ಹಿಡಿತ ಬದಲಿಸಲು ನಿಜವಾದ ಕಾರಣಗಳೂ ಇವೆ. ಹರಡಿದ ಬೆರಳುಗಳ ಹಿಡಿತವು ಕಡಿಮೆ ತಿರುಗುವಿಕೆಯೊಂದಿಗೆ ಮೆಲ್ಲನೆ ಎತ್ತಿ ದೂಡುವ ಪಟ್‌ಗೆ ಹೊಂದುತ್ತದೆ. ಆದರೆ ತಿರುಗುವಿಕೆ ಕಡಿಮೆಯಾದಷ್ಟೂ ಡಿಸ್ಕ್ ಗಾಳಿಗೆ ಬೇಗ ಅಲುಗುತ್ತದೆ, ಮತ್ತು ನಮ್ಮ ಬಯಲುಸೀಮೆಯಲ್ಲಿ ಗಾಳಿಗೆ ಅಡ್ಡವಾಗುವ ಮರಗಳೇ ವಿರಳ. ಇದಕ್ಕೆ ಏಪ್ರಿಲ್, ಮೇ ತಿಂಗಳ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಬೆವರುವ ಬೆರಳುಗಳನ್ನೂ ಸೇರಿಸಿಕೊಳ್ಳಬೇಕು. ಆಗ ಡಿಸ್ಕ್ ಜಾರಿದರೆ ಒಣ ಬಟ್ಟೆಯೇ ಮೊದಲ ಪರಿಹಾರ. ಗಿಡ್ಡ ಬೆರಳಿನವರಿಗೆ ಆಳವಾದ ಅಂಚಿನ ಪಟರ್ (ಪಟ್‌ಗೆ ಬಳಸುವ ಡಿಸ್ಕ್) ಒಗ್ಗದಿದ್ದರೆ, ಹಿಡಿತವನ್ನಲ್ಲ, ಡಿಸ್ಕನ್ನೇ ಬದಲಿಸುವುದು ಸೂಕ್ತ.

ಬುಟ್ಟಿಯ ಸುತ್ತ ಪಟ್ ವಲಯವೆಂದು ಗುರುತಿಸುವ 10 ಮೀಟರ್ ವೃತ್ತದ ಅಂಚಿನಿಂದಲ್ಲ, 5 ಮೀಟರ್‌ನಿಂದ 50 ಸಲ ಎಸೆದು ಪ್ರತಿ ತಪ್ಪು ಯಾವ ಕಡೆಗಾಯಿತೆಂದು ಬರೆದಿಡಿ. ತಪ್ಪುಗಳೆಲ್ಲ ಒಂದೇ ಕಡೆಗಿದ್ದರೆ ಗುರಿಯನ್ನೂ ಬಿಡುವ ಸಮಯವನ್ನೂ ಮೊದಲು ತಿದ್ದಿಕೊಳ್ಳಿ. ಎಲ್ಲ ದಿಕ್ಕಿಗೂ ಚದುರಿದ್ದರೆ ಆಗ ಹಿಡಿತವನ್ನು ಪರೀಕ್ಷಿಸಿ.