ಜಾಣ ಮಗುವಿಗೂ ಗಮನ ಕೊರತೆಯ ತಪಾಸಣೆ ಬೇಕೇ?

ಪರ

"ಇಷ್ಟು ಜಾಣನಿಗೆ ಎಂಥ ಕಾಯಿಲೆ? ಸೋಮಾರಿತನ, ಅಷ್ಟೆ." ದಾವಣಗೆರೆಯ ನಮ್ಮ ಬೀದಿಯಲ್ಲಿ ಮೂರು ವರ್ಷ ಕೇಳಿಸಿಕೊಂಡ ಮಾತು. ನಾನೂ ಅದನ್ನೇ ನಂಬಿದ್ದೆ, ಮಗನನ್ನು ಹೊಡೆದೂ ಇದ್ದೆ. ನವೋದಯ ಪ್ರವೇಶ ಪರೀಕ್ಷೆಯ ಹಳೆಯ ಪತ್ರಿಕೆ ಕೊಟ್ಟರೆ ಕಷ್ಟದ ಲೆಕ್ಕವನ್ನು ಬಾಯಲ್ಲೇ ಬಿಡಿಸುತ್ತಿದ್ದ. 2 ಗಂಟೆಯಲ್ಲಿ 80 ಪ್ರಶ್ನೆ ಬರೆಯಲು ಕೂರಿಸಿದರೆ, 30ನೆಯದರ ಉತ್ತರವನ್ನು 31ರ ವೃತ್ತದಲ್ಲಿ ತುಂಬಿ, ಅಲ್ಲಿಂದ ಮುಂದಿನದನ್ನೆಲ್ಲ ಕೆಡಿಸಿಕೊಳ್ಳುತ್ತಿದ್ದ. ಅಂಗಡಿಗೆ ಕಳುಹಿಸಿದರೆ ಚೀಲ ಅಲ್ಲೇ ಉಳಿಯುತ್ತಿತ್ತು.

ಬುದ್ಧಿ ಚುರುಕಾಗಿದ್ದ ಮಾತ್ರಕ್ಕೆ ಎಡಿಎಚ್‌ಡಿ, ಅಂದರೆ ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಇಲ್ಲವೆಂದಲ್ಲ. ಕೆಳಗಿನ ತರಗತಿಗಳಲ್ಲಿ ಜಾಣ ಮಗು ಗ್ರಹಿಕೆಯ ಬಲದಿಂದ ಕೊರತೆಯನ್ನು ಮುಚ್ಚಿಕೊಂಡು ಬರಬಹುದು. ಪಾಠ ಹೆಚ್ಚಿ, ಹೊತ್ತು ಹೊಂದಿಸಿಕೊಂಡು ಓದಬೇಕಾದಾಗ ಕುಸಿಯುತ್ತದೆ. ಸದ್ದಿಲ್ಲದೆ ಕಿಟಕಿಯಾಚೆ ನೋಡುತ್ತ ಕೂರುವ ಹುಡುಗಿಯರಂತೂ ಯಾರ ಕಣ್ಣಿಗೂ ಬೀಳುವುದಿಲ್ಲ.

"ಅಪ್ಪಾಜಿ, ನಾನು ಬೇಕೆಂದೇ ಹೀಗೆ ಮಾಡುತ್ತೇನೆಯೇ?" ಎಂದು ಅವನು ಒಂದು ರಾತ್ರಿ ಕೇಳಿದ. ಅದಕ್ಕೆ ಉತ್ತರ ಹೇಳಬಲ್ಲ ವೈದ್ಯರ ಬಳಿಗೆ ಮೂರು ವರ್ಷ ಮೊದಲೇ ಹೋಗಬೇಕಿತ್ತು.

ವಿರೋಧ

ಚಿತ್ರದುರ್ಗದಲ್ಲಿ ನಾನು ಪ್ರಾಥಮಿಕ ಶಾಲೆಯ ಮೇಷ್ಟ್ರು. ಭಾಗಾಕಾರ ಒಮ್ಮೆ ಹೇಳಿದರೆ ತಿಳಿಯುವ ಹುಡುಗಿಗೆ ಅದನ್ನೇ ಹತ್ತು ದಿನ ಬರೆಸುತ್ತೇವೆ. ಅವಳು ಎದ್ದು ಓಡಾಡದೆ ಇನ್ನೇನು ಮಾಡಬೇಕು? ಅವಳನ್ನೇ ಕೋಟೆಗೆ ಕರೆದೊಯ್ದಾಗ, ಗೋಪಾಲಸ್ವಾಮಿ ಹೊಂಡ ತುಂಬಿದ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುವ ದಾರಿಯನ್ನು ಹುಡುಕುತ್ತ, ನಕ್ಷೆ ಬರೆಯುತ್ತ ಒಂದೂವರೆ ಗಂಟೆ ಕಳೆದಳು. ಇಷ್ಟವಾದುದರಲ್ಲಿ ಮುಳುಗುವುದು ಗಮನ ಕೊರತೆಯ ಮಕ್ಕಳಲ್ಲೂ ಉಂಟು, ಬಲ್ಲೆ. ಆದರೆ ಈ ಹುಡುಗಿ ಮನೆಯಲ್ಲಿ ತಮ್ಮನಿಗೆ ತಪ್ಪದೆ ಪಾಠ ಹೇಳಿಕೊಡುತ್ತಾಳೆ, ಹಾಲಿನ ಲೆಕ್ಕ ಬರೆದಿಡುತ್ತಾಳೆ. ಅವಳ ಚಡಪಡಿಕೆ ನನ್ನ ತರಗತಿಯೊಳಗೆ ಮಾತ್ರ.

ವೈದ್ಯರ ಅಳತೆಗೋಲೂ ಇದನ್ನೇ ಕೇಳುತ್ತದೆ: ಲಕ್ಷಣಗಳು 12 ವರ್ಷದೊಳಗೆ ಕಾಣಿಸಿಕೊಂಡಿರಬೇಕು, ಕನಿಷ್ಠ 6 ತಿಂಗಳು ಇರಬೇಕು, ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ತೊಂದರೆ ಕೊಡುತ್ತಿರಬೇಕು. ಇದನ್ನು ತೋರಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ನಿರ್ಣಯ ಬಹುಪಾಲು ನಿಂತಿರುವುದು ತಂದೆತಾಯಿ ಮತ್ತು ನಮ್ಮಂಥ ಮೇಷ್ಟ್ರುಗಳ ಮಾತಿನ ಮೇಲೆ. ಐವತ್ತು ಮಕ್ಕಳ ನಡುವೆ ದಣಿದವನು ತುಂಬಿಕೊಟ್ಟ ಪ್ರಶ್ನಾವಳಿಯ ಬಗ್ಗೆ ನನಗೇ ಭಯವಿದೆ. ತರಗತಿಯಲ್ಲೇ ಕಿರಿಯ ವಯಸ್ಸಿನ ಮಕ್ಕಳಿಗೆ ಈ ಹಣೆಪಟ್ಟಿ ಹೆಚ್ಚು ಅಂಟುತ್ತದೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಈ ತೊಂದರೆಗೆ ಕೊಡುವ ಮೀಥೈಲ್‌ಫೆನಿಡೇಟ್ ಉಪಯುಕ್ತ ಔಷಧವೇ, ಆದರೆ ಹಸಿವನ್ನೂ ನಿದ್ದೆಯನ್ನೂ ಕುಗ್ಗಿಸಬಲ್ಲದು.

ಒಂದು ತಿಂಗಳು ಅವಳಿಗೆ ತಕ್ಕ ಕಷ್ಟದ ಲೆಕ್ಕ ಕೊಟ್ಟು ನೋಡುತ್ತೇನೆ. ಆಮೇಲೂ ಬದಲಾಗದೆ, ಮನೆಯಲ್ಲೂ ಅದೇ ಪಾಡು ಕಂಡರೆ, ಅವಳ ತಾಯಿಯೊಂದಿಗೆ ಜಿಲ್ಲಾ ಆಸ್ಪತ್ರೆಗೆ ನಾನೇ ಹೋಗುತ್ತೇನೆ.