ಜಿ. ಎ. ಕುಲಕರ್ಣಿ ನಮ್ಮ ಕತೆಗಾರರೇ?

ಪರ

ಜಿಎ ಬರೆದದ್ದು ಮರಾಠಿಯಲ್ಲಿ. ಅದರಲ್ಲಿ ಎರಡು ಮಾತಿಲ್ಲ. ಆದರೂ ಮಹಾರಾಷ್ಟ್ರದ ಗಡಿಭಾಗದ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಾವು ಕನ್ನಡಿಗರು ಅವರನ್ನು ನಮ್ಮ ಕತೆಗಾರರೆಂದೇ ಓದಬೇಕು ಎನ್ನುತ್ತೇನೆ.

1923ರಲ್ಲಿ ಅವರು ಹುಟ್ಟಿದ್ದು ಚಿಕ್ಕೋಡಿ ಸೀಮೆಯ ಏಕಸಂಬಾದಲ್ಲಿ. ಓದಿದ್ದು ಬೆಳಗಾವಿಯಲ್ಲಿ. ಬದುಕಿನ ಬಹುಭಾಗ ಕಳೆದದ್ದು ಧಾರವಾಡದಲ್ಲಿ, ಕಾಲೇಜಿನ ಹುಡುಗರಿಗೆ ಇಂಗ್ಲಿಷ್ ಕಲಿಸುತ್ತ, ಸಭೆ-ಸಮಾರಂಭಗಳಿಗೆ ಬೆನ್ನು ಹಾಕಿ. 1959ರ ‘ನಿಳಾಸಾವಳಾ’ ಕಥಾಸಂಕಲನದಿಂದ ಮುಂದೆ ಮರಾಠಿ ನವಕಥೆಗೆ, ಅಂದರೆ ಹೊಸ ಬಗೆಯ ಸಣ್ಣಕತೆಗೆ, ಅವರು ತಂದ ಕತ್ತಲು, ವಿಧಿಯ ಹೊಡೆತಕ್ಕೆ ಸಿಕ್ಕಿ ಒದ್ದಾಡುವ ಅವರ ಮನುಷ್ಯರು, ಪುಣೆಯ ಪೇಟೆಯಲ್ಲಿ ಹುಟ್ಟಿದವರಲ್ಲ. ಮೊದಲ ಸಂಕಲನಗಳ ಮನೆಗಳಲ್ಲಿ ನನಗೆ ಈ ಕಡೆಯ ಪಡಸಾಲೆಯೇ ಕಾಣುತ್ತದೆ.

ಬೇಂದ್ರೆಯವರನ್ನು ನೆನೆಯಿರಿ. ಮನೆಮಾತು ಮರಾಠಿ. 1944ರಿಂದ 1956ರವರೆಗೆ ನಮ್ಮ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಮರಾಠಿ ಊರಲ್ಲಿ ಕೂತು ಕನ್ನಡ ಬರೆದರು. ಜಿಎ ಕನ್ನಡದ ಊರಲ್ಲಿ ಕೂತು ಮರಾಠಿ ಬರೆದರು. ಮೊದಲನೆಯವರನ್ನು ಎದೆಗಪ್ಪಿಕೊಂಡು ಎರಡನೆಯವರನ್ನು ಹೊರಗೆ ನಿಲ್ಲಿಸುವುದು ಯಾವ ನ್ಯಾಯ?

ನನಗೆ ಮುಖ್ಯವಾದದ್ದು ನಮ್ಮ ಮಕ್ಕಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಈ ಎರಡು ನಾಲಗೆಯ ಬದುಕನ್ನು ಅವರು ಒಂದು ಕೊರತೆಯೆಂದು ಮುಚ್ಚಿಡುತ್ತಾರೆ. ಅಂಥದೇ ಸೀಮೆಯಿಂದ ಇಷ್ಟು ದೊಡ್ಡ ಕತೆಗಾರ ಎದ್ದು ಬಂದರೆಂದು ತಿಳಿದರೆ ಆ ನಾಚಿಕೆ ಕರಗುತ್ತದೆ. ಅನುವಾದದ ಹಂಗಿಲ್ಲದೆ ಜಿಎ ಅವರನ್ನು ಓದಬಲ್ಲ ಕನ್ನಡಿಗರು ನಾವೇ ಅಲ್ಲವೇ?

ವಿರೋಧ

ಓದಬೇಕು, ಸರಿ. ‘ನಮ್ಮವರು’ ಎಂದು ಹೆಸರು ಬರೆದುಕೊಳ್ಳುವುದು ಯಾಕೆ? ಕರ್ನಾಟಕ-ಮಹಾರಾಷ್ಟ್ರ ಗಡಿ ತಂಟೆಯ ಮಹಾಜನ ವರದಿ ಹಳ್ಳಿಗಳನ್ನು ಆ ಕಡೆ ಈ ಕಡೆ ಹಂಚಲು ಹೇಳಿದ ಹಾಗೆ ಕತೆಗಾರರನ್ನೂ ಹಂಚಿಕೊಳ್ಳುವ ಚಾಳಿ ಇದು.

ಬೇಂದ್ರೆಯವರ ಹೋಲಿಕೆ ನನ್ನ ವಾದಕ್ಕೇ ಬಲ ಕೊಡುತ್ತದೆ. ಅವರು ಕನ್ನಡದ ಕವಿಯಾದದ್ದು ಕನ್ನಡವನ್ನು ಆರಿಸಿಕೊಂಡದ್ದರಿಂದ. ಹನ್ನೆರಡು ವರ್ಷ ಸೊಲ್ಲಾಪುರದಲ್ಲಿದ್ದರೂ ಆ ಆಯ್ಕೆ ಬದಲಾಗಲಿಲ್ಲ. ಜಿಎ ಮರಾಠಿಯನ್ನು ಆರಿಸಿಕೊಂಡರು. ಲೇಖಕರ ಆ ಆಯ್ಕೆಗೆ ಊರಿಗಿಂತ ಹೆಚ್ಚು ತೂಕವಿದೆ. ಅವರ ‘ರಮಲಖುಣಾ’ ಸಂಕಲನದ ‘ಪ್ರವಾಸಿ’, ‘ಇಸ್ಕಿಲಾರ’ ಕತೆಗಳಿಗಂತೂ ಯಾವ ಜಿಲ್ಲೆಯೂ ಇಲ್ಲ. ಅಲ್ಲಿ ಯಾವ ಪಡಸಾಲೆ ಹುಡುಕುತ್ತೀರಿ?

‘ಕಾಜಳಮಾಯಾ’ ಸಂಕಲನಕ್ಕೆ ಬಂದ 1973ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೇ ಹಿಂದಿರುಗಿಸಿದವರು ಅವರು. ಅಂಥವರ ಕೊರಳಿಗೆ ನಮ್ಮ ಅಭಿಮಾನದ ಹಾರ ಹಾಕುವುದು ನನಗೆ ಸಲ್ಲದು.

ಮಕ್ಕಳ ನಾಚಿಕೆಯ ಮಾತು ನನಗೂ ನೋವಿನದೇ. ಆದರೆ ಅವರಿಗೆ ಕಡಿಮೆಯಾಗಿರುವುದು ಕನ್ನಡ. ಮರಾಠಿ ಪಠ್ಯ, ಮರಾಠಿ ಪತ್ರಿಕೆ, ಮರಾಠಿ ಗ್ರಂಥಾಲಯ ಹೇಗೂ ಅವರ ಸುತ್ತ ಇವೆ. ಜಿಎ ಇಂದಲ್ಲ ನಾಳೆ ಅವರ ಕೈಗೆ ಸಿಗುತ್ತಾರೆ. ಇದೇ ಮಹಾರಾಷ್ಟ್ರದ ಮುಂಬಯಿಯಲ್ಲಿ ಬದುಕು ಸವೆಸಿ, ಹುಟ್ಟೂರು ಹನೇಹಳ್ಳಿಯನ್ನು ಮರೆಯದೆ ಕನ್ನಡದಲ್ಲೇ ನವ್ಯ ಕತೆ ಬರೆದ ಯಶವಂತ ಚಿತ್ತಾಲರು ಸಿಗುವುದಿಲ್ಲ. ಅವರ ‘ಕತೆಯಾದಳು ಹುಡುಗಿ’ಗೂ 1983ರಲ್ಲಿ ಅಕಾಡೆಮಿ ಪ್ರಶಸ್ತಿ ಬಂದಿದೆ. ಅಕ್ಕಲಕೋಟೆಯ ಎಷ್ಟು ಕನ್ನಡ ಮನೆಗಳಲ್ಲಿ ಆ ಪುಸ್ತಕವಿದೆ? ಜಿಎ ಯಾರವರು ಎಂದು ಜಗಳವಾಡುವ ಮೊದಲು ಚಿತ್ತಾಲರ ಆ ಪುಸ್ತಕವನ್ನು ನಮ್ಮ ಶಾಲೆಗಳಿಗೆ ತರಿಸೋಣ.